ಪೈಪನ್ನು ಬೇಕೆಂದೇ ಸೊಟ್ಟ ಮಾಡುವ ಕಥೆ

ಕಂಪ್ಯೂಟರಿನಲ್ಲಿ ಪೈಪ್‌ಲೈನಿನ ಮಾದರಿ ಕಟ್ಟಿ, ಅದು ಎಷ್ಟು ಭಾರ ತಡೆದೀತು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಮೊದಲು ಒಂದಿಷ್ಟೂ ಕುಂದಿಲ್ಲದ ಪೈಪು ಬರೆಯುತ್ತೇವೆ. ಆಮೇಲೆ ಬೇಕೆಂದೇ ಅದನ್ನು ಚೂರು ಸೊಟ್ಟ ಮಾಡುತ್ತೇವೆ! ಯಾಕೆ ಅಂತೀರಾ? ಅದಕ್ಕೊಂದು ಕಥೆಯಿದೆ.

ತೆಳು ಗೋಡೆಯ ಕೊಳವೆಯನ್ನು ಎರಡೂ ತುದಿಯಿಂದ ಒತ್ತಿದರೆ ಯಾವಾಗ ಸುಕ್ಕುಗಟ್ಟಿ ಕುಸಿಯುತ್ತದೆ ಅನ್ನುವ ಸೂತ್ರ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಸಿಕ್ಕಿತ್ತು. ಆದರೆ ಪ್ರಯೋಗಗಳಲ್ಲಿ ಎಷ್ಟೋ ಕೊಳವೆಗಳು ಸೂತ್ರ ಹೇಳಿದ ಭಾರದ ಕಾಲು ಭಾಗಕ್ಕೇ ಕುಸಿದುಬಿಟ್ಟವು. ಡೆಲ್ಫ್ಟ್‌ನಲ್ಲಿ ವಾರ್ನರ್ ಕೊಯ್ಟರ್ 1945ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದರ ಗುಟ್ಟು ಬಿಡಿಸಿದರು. ಗೋಡೆಯ ದಪ್ಪಕ್ಕಿಂತಲೂ ಚಿಕ್ಕದಾದ ತಗ್ಗು-ಉಬ್ಬು ಸಾಕು, ಕೊಳವೆಯ ಬಲ ಭಾರೀ ಇಳಿಯುತ್ತದೆ.

ಯುದ್ಧದ ದಿನಗಳಲ್ಲಿ ಸಿದ್ಧವಾದ ಆ ಪ್ರಬಂಧ ಇದ್ದದ್ದು ಡಚ್ ಭಾಷೆಯಲ್ಲಿ. ನಾಸಾ ಅದನ್ನು ಇಂಗ್ಲಿಷಿಗೆ ತಂದದ್ದು 1967ರಲ್ಲಿ, ಅಂದರೆ 22 ವರ್ಷದ ಮೇಲೆ!

ಇವತ್ತು ನಾವು ಪೈಪು ಕುಸಿಯಬಹುದಾದ ಆಕಾರವನ್ನು ಮೊದಲು ಲೆಕ್ಕ ಹಾಕಿ, ಅದರ ಒಂದು ಚಿಟಿಕೆಯನ್ನು ಮಾದರಿಗೆ ಬೆರೆಸುತ್ತೇವೆ. ಬೆರೆಸದಿದ್ದರೆ ಕಂಪ್ಯೂಟರ್ ಪೈಪು ಗಟ್ಟಿಯಾಗಿದೆ ಅಂತ ಸುಳ್ಳು ಧೈರ್ಯ ಹೇಳೀತು. ನೆಲದಡಿಯ ಪೈಪಿನಲ್ಲಿ ಗ್ಯಾಸು ಹರಿಯುವಾಗ ಆ ಧೈರ್ಯ ಯಾರಿಗೆ ಬೇಕು?

ಅಂದಹಾಗೆ, ತನ್ನ ನುಡಿಯಲ್ಲಿ ಬರೆದದ್ದು ವ್ಯರ್ಥವಾಗಲಿಲ್ಲ, ಲೋಕವೇ ಹುಡುಕಿಕೊಂಡು ಬಂತು. ಕನ್ನಡದಲ್ಲಿ ಬರೆಯುವ ನಾವು ನೆನಪಿಡಬೇಕಾದ ಮಾತು ಅಲ್ಲವೇ? ನೀವೇನಂತೀರಿ?