ನಕ್ಷೆಗೆ ಮತ್ತೆ ಮೈ ಬಂತು

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಮೂಡಣ ಹಳ್ಳಿಗಳಲ್ಲಿ, ಉಮದಿ, ಸಂಖ, ಗುಡ್ಡಾಪುರದ ಕಡೆ, ಪಾಯಾ ತೆಗೆಯುವ ಮುಂಚೆ ಗೌಂಡಿ ಕೇಳುವುದು ‘ನಕಾಶಾ ತಂದೀರೇನ್ರಿ?’ ಎಂದು. ಅದೇ ಹಾಳೆ ಬೆಂಗಳೂರಿನ ಕಚೇರಿಯಲ್ಲಿ ‘ನಕ್ಷೆ’. ನಮ್ಮಂಥ ಪದಲೋಲುಪರಿಗೆ ನಡುವೆ ಉಳಿದ ಆ ಒಂದು ದೀರ್ಘವೇ ಸಾಕು, ಜಾಡು ಹಿಡಿದು ಹೊರಡಲು.

ಮೂಲ ಅರಬ್ಬಿಯದು. ನ-ಕ್-ಶ್ ಧಾತುವಿಗೆ ಕೊರೆ, ಕೆತ್ತು, ಬಣ್ಣದಲ್ಲಿ ಬರೆ ಎಂಬ ಅರ್ಥಗಳು. ಪಾರಸಿಯ ‘ನಕ್ಕಾಶ’ ಚಿತ್ರ ಬರೆಯುವವನೂ ಹೌದು, ಕೆತ್ತುವವನೂ ಹೌದು. (ನಕ್ಷತ್ರಕ್ಕೂ ಇದಕ್ಕೂ ನೆಂಟಸ್ತನವಿಲ್ಲ, ಉಚ್ಚಾರದ ಹೋಲಿಕೆಗೆ ಮರುಳಾಗಬೇಡಿ.) ದಖ್ಖನಿನ ದರ್ಬಾರುಗಳ ಪಾರಸಿಯಿಂದ ಮರಾಠಿಗೂ ಕನ್ನಡಕ್ಕೂ ಇಳಿದ ಮೇಲೆ ನಡೆದದ್ದು ಸೋಜಿಗ: ಮರಾಠಿ ‘ನಕಾಶಾ’ ರೂಪವನ್ನು ಭೂಪಟಕ್ಕಿಟ್ಟು, ಕುಗ್ಗಿದ ‘ನಕ್ಷೀ’ಯನ್ನು ಕುಸುರಿಗೆ ಕೊಟ್ಟಿತು, ಕನ್ನಡ ಬಹುಮಟ್ಟಿಗೆ ತಿರುಗುಮುರುಗು, ಕುಗ್ಗಿದ ‘ನಕ್ಷೆ’ ಭೂಪಟವಾಯಿತು, ‘ನಕಾಶಿ’ ಅಥವಾ ‘ನಕಾಸಿ’ ಕೆಲಸವೆಂದರೆ ಬಾಗಿಲ ಚೌಕಟ್ಟಿನ ಹೂಬಳ್ಳಿಯಾಯಿತು. ಎರಡೂ ನುಡಿಯ ನಡುವೆ ಬದುಕುವ ಜತ್ತದವರು ಈ ಅದಲುಬದಲಿಗೆ ಎಡವುವುದೇ ಇಲ್ಲ.

ಈ ಪದ ಬರುವ ಮೊದಲು ನಮ್ಮವರ ಯೋಜನೆ ಇದ್ದದ್ದು ಸೂತ್ರದಲ್ಲಿ, ಅಂದರೆ ಅಳತೆಯ ದಾರದಲ್ಲಿ. ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನ ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದೆಸೆಯ ಸೂತ್ರಧಾರಿಯೆಂದು ಹೊಗಳುತ್ತದೆ. ರಂಗಭೂಮಿಯಲ್ಲಿ ಮೊದಲೇ ಇದ್ದ ಆ ಹೆಸರು ಈಚೆಗೆ ಒಳಸಂಚಿನ ವರದಿಗಳಿಗೂ ಸಂದುಹೋಯಿತು.

ನಕ್ಷೆಯ ಪಾಡೂ ಅಷ್ಟೆ. ಕಲ್ಲಲ್ಲಿ ಮರದಲ್ಲಿ ಆಳವಿದ್ದ ಪದ ಕಾಗದಕ್ಕೆ ಬಂದು ಚಪ್ಪಟೆಯಾಯಿತು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಮುದ್ರಣದಿಂದ ‘ನೀಲನಕ್ಷೆ’ ಹುಟ್ಟಿತು. ಆ ನೀಲಿ ಕಾಗದ ಕಣ್ಮರೆಯಾಗಿ ದಶಕಗಳೇ ಸಂದರೂ ಪದ ಮಾತ್ರ ರಾಜಕಾರಣಿಗಳ ಭಾಷಣದಲ್ಲಿ ಸುಖವಾಗಿದೆ.

ಈಗಿನ ತಿರುವು ನೋಡಿ. ಕಟ್ಟಡದವರು ‘ಬಿಮ್’ ಎಂದು ಕರೆಯುವ ಗಣಕದ ಮಾದರಿಯಲ್ಲಿ ಗೋಡೆ ಎರಡು ಗೆರೆಯಲ್ಲ. ಅದಕ್ಕೆ ದಪ್ಪವಿದೆ, ಎತ್ತರವಿದೆ, ಯಾವ ಇಟ್ಟಿಗೆ, ಎಷ್ಟು ಸಿಮೆಂಟು, ಯಾವ ವಾರ ಏಳಬೇಕು, ಏನು ಖರ್ಚು ಎಂಬುದೆಲ್ಲ ಅದರೊಡನೆಯೇ ಇದೆ. ಕಾಲ ನಾಲ್ಕನೆಯ ಆಯಾಮ, ವೆಚ್ಚ ಐದನೆಯದು. ಮಹಾರಾಷ್ಟ್ರದಲ್ಲೇ ನಾಗಪುರ ಮೆಟ್ರೋ ಈ ಐದು ಆಯಾಮಗಳ ಲೆಕ್ಕದಲ್ಲಿ ಕೆಲಸ ನಡೆಸಿತು. ನೀರಿನ ಪೈಪು ತೊಲೆಯನ್ನು ಸೀಳಿ ಹೋಗುವಂತಿದ್ದರೆ ಪರದೆಯ ಮೇಲೆಯೇ ಕೆಂಪಾಗಿ ಕಾಣುತ್ತದೆ. ಎಂಜಿನಿಯರು, ಪ್ಲಂಬರು, ಗುತ್ತಿಗೆದಾರ ಕೂತು ಅಲ್ಲೇ ವಾದಿಸಿ ತೀರ್ಮಾನಿಸುತ್ತಾರೆ. ಅದೇ ಅರಬ್ಬಿ ಧಾತುವಿನಿಂದ ‘ಮುನಾಕಶಾ’ ಎಂಬ ಪದವೂ ಹುಟ್ಟಿದೆ, ಅದರ ಅರ್ಥ ಚರ್ಚೆ, ವಾಗ್ವಾದ! ಹಳ್ಳಿಯ ಮನೆಗೆ ಇಷ್ಟೆಲ್ಲ ಬೇಕೇ? ಇಂದು ಬೇಡ. ಆದರೆ ನಾಳೆ ಸಾಲ, ಪರವಾನಿಗೆ, ರಿಪೇರಿ ಎಲ್ಲವೂ ಇಂಥ ಮಾದರಿಯನ್ನೇ ಕೇಳುವ ದಿನ ಬಂದರೆ ನನಗೆ ಆಶ್ಚರ್ಯವಾಗದು.

ಸರಕಾರದ ಕಿವಿಗೂ ಪದ ಬಿದ್ದಿದೆ. 2020ರಲ್ಲಿ ಹಳ್ಳಿಯ ಮನೆಜಾಗಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ ಬಂತು. 2025ರ ಫೆಬ್ರುವರಿ 18ರಂದು ನಗರಗಳ ಭೂಮಾಪನಕ್ಕೆ ಬಂದ ಕೇಂದ್ರ ಯೋಜನೆಯ ಹೆಸರೇ ‘ನಕ್ಷಾ’. ಮೊದಲಿಗೆ 152 ನಗರಸಂಸ್ಥೆಗಳು, ಓರೆಗಣ್ಣಿನ ಕ್ಯಾಮೆರಾ, ಲೇಸರ್ ಅಳತೆ: ಗೆರೆಗೆ ಮತ್ತೆ ಎತ್ತರ ಬರುತ್ತಿದೆ, ಉಳಿ ಹಿಡಿದ ನಕ್ಕಾಶನ ಕಾಲದಲ್ಲಿ ಇದ್ದ ಹಾಗೆ.

ಆದ್ದರಿಂದ ಬಿಮ್‌ಗೆಂದು ‘ಕಟ್ಟಡಮಾಹಿತಿಪ್ರತಿರೂಪಣ’ದಂಥ ಸಮಾಸ ಹೊಸೆಯಲು ಹೊರಟ ಪರಿಭಾಷಾಪಂಡಿತರಲ್ಲಿ ಒಂದು ವಿನಂತಿ: ‘ಮೈನಕ್ಷೆ’ ಎಂದು ನೋಡಿ, ಇಲ್ಲವೇ ಬರಿದೇ ‘ನಕ್ಷೆ’ ಎನ್ನಿ. ಜತ್ತದ ಗೌಂಡಿ ಹೇಗೂ ‘ನಕಾಶಾ’ ಎಂದೇ ಅಂತಾನೆ.