ಹಳೆಯ ಮನೆಯ ಶಾಸನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಬಿಟ್ಟರು. ಕಟ್ಟಿದ ಮನೆಯನ್ನು ರಿಪೇರಿ ಮಾಡಿಸಿ ನೋಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೆ ನಾನು ಸ್ವಲ್ಪ ಎಚ್ಚರದಿಂದ ಇರುತ್ತಿದ್ದೆನೋ ಏನೋ. ಮೈಸೂರಿನ ಹಳೆಯ ಬೀದಿಯೊಂದರಲ್ಲಿ ತಾತನ ಕಾಲದಿಂದ ಬಂದ ತೊಟ್ಟಿಯ ಮನೆ ನನ್ನದು. ಅದನ್ನು ಎರಡು ಸಲ ದುರಸ್ತಿ ಮಾಡಿಸಿದ್ದೇನೆ. ಮೊದಲನೆಯ ಸಲ ಕೆಡಿಸಿದೆ. ಎರಡನೆಯ ಸಲ, ಕೆಡಿಸಿದ್ದನ್ನು ತೆಗೆಸಿದೆ.

ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದದ್ದು. ದೇವಾಲಯಕ್ಕೆ ಭೂಮಿ ಬಿಡುವಾಗ ಪೂಜೆಗೆ, ನೈವೇದ್ಯಕ್ಕೆ ಎಂದು ಹೇಳಿ, ಅದರೊಡನೆಯೇ ಒಡೆದು ಬಿರಿದುದನ್ನು ಸರಿಪಡಿಸುವುದಕ್ಕೂ ಎಂದು ಬರೆಯಿಸುತ್ತಿದ್ದರು. ದಾನ ಕೊಟ್ಟ ದಿನವೇ ರಿಪೇರಿಯ ಲೆಕ್ಕ! ಗೃಹಸ್ಥನ ಮನೆಗೆ ಇಂಥ ಶಾಸನವಿಲ್ಲ. ಯಾವ ಗೋಡೆ ಯಾವಾಗ ಎದ್ದಿತು, ಕಿಟಕಿಯನ್ನು ಏಕೆ ಕೊರೆದರು ಎಂಬುದನ್ನು ಮನೆಯೇ ಹೇಳಬೇಕು. ನಾವೋ, ಅದು ಬಾಯಿ ತೆರೆಯುವ ಮೊದಲೇ ಹಾರೆ ಹಿಡಿದು ನಿಲ್ಲುತ್ತೇವೆ.

ಮೊದಲು ಹೆಂಚಿನ ಮಾತು. ನಮ್ಮ ಮನೆ 1865ರದೆಂದು ತಂದೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಮಾಡು ಬಿಚ್ಚಿಸಿದಾಗ ಅದರ ಮೂಲ ತಿಳಿಯಿತು. ಹೆಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ನಿನ ಹೆಸರು, ಅದರೊಡನೆ 1865 ಎಂಬ ಅಂಕಿ. ಅದು ಮಿಷನ್ನಿನ ಗೇಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ, ಹೊರತು ನಮ್ಮ ಮನೆಯ ಜಾತಕವಲ್ಲ. ಎಷ್ಟೋ ವರ್ಷದ ತರುವಾಯ ಸುಟ್ಟ ಹೆಂಚಿನ ಮೇಲೂ ಆ ಅಂಕಿಯನ್ನೇ ಒತ್ತುತ್ತಿದ್ದರು. ಇದೇ ಮಿಷನ್ನು 1894ರಲ್ಲಿ ಮಂಗಳೂರಿನಿಂದಲೇ ಕಿಟ್ಟೆಲರ ನಿಘಂಟನ್ನು ಹೊರತಂದಿತು. ಕನ್ನಡ ಪಂಡಿತನಾದ ನನಗೆ ಮೇಜಿನ ಮೇಲೂ ಅವರ ಋಣ, ತಲೆಯ ಮೇಲೂ ಅವರ ಋಣ!

ಅದಕ್ಕೆ ಮುಂಚೆ ಇದ್ದದ್ದು ಕುಂಬಾರನ ನಾಡಹೆಂಚು. ಅರ್ಧ ಕೊಳವೆಯಂತೆ ಬಾಗಿದ ಹೆಂಚು. ಒಂದನ್ನು ಅಂಗಾತ, ಒಂದನ್ನು ಬೋರಲು ಹೊದಿಸಿ ಸುಮ್ಮನೆ ಇಟ್ಟದ್ದು. ಬೆಕ್ಕು ಓಡಿದರೆ ಸರಿಯುವುದು, ಕೋತಿ ಕುಣಿದರೆ ಒಡೆಯುವುದು. ವರ್ಷ ವರ್ಷವೂ ಮಳೆಗೆ ಮುನ್ನ ಹೆಂಚು ಕೈಯಾಡಿಸಲು ಆಳು ಬರಬೇಕು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚನ್ನು ಫ್ರಾನ್ಸಿನ ಗಿಲಾರ್ಡೊನಿ ಸಹೋದರರು 1841ರಲ್ಲಿ ರೂಪಿಸಿದ್ದರು. ಆ ಬಗೆಯ ಹೆಂಚನ್ನು ನೇತ್ರಾವತಿ ಗುರುಪುರ ಹೊಳೆಗಳ ದಡದ ಜೇಡಿಯಿಂದ ಯಂತ್ರದಲ್ಲಿ ಒತ್ತಿ ಸುಟ್ಟಾಗ ಗೃಹಸ್ಥನಿಗೆ ವರ್ಷಾವಧಿಯ ಕೈಯಾಡಿಸುವ ಕಾಟ ಬಹಳ ಮಟ್ಟಿಗೆ ತಪ್ಪಿತು. ಆದರೆ ನಾಡಹೆಂಚಿನ ಸಂದುಗಳಲ್ಲಿ ಹೊರಟುಹೋಗುತ್ತಿದ್ದ ಒಲೆಯ ಹೊಗೆಗೆ ಈಗ ದಾರಿ ಸಾಲದು. ಅಡಿಗೆಮನೆಗೆ ಹೊಗೆಗೂಡು ಬೇಕಾಯಿತು, ಬೆಳಕಿಗೆ ಗಾಜಿನ ಹೆಂಚು ಬೇಕಾಯಿತು. ಒಂದನ್ನು ಬದಲಿಸಿದರೆ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ.

ಇನ್ನು ಕಿಟಕಿ. ಬೀದಿಯ ಗೋಡೆಯಲ್ಲಿ ಒಂದು ಕಿಟಕಿಯಿದೆ. ಸುತ್ತಲೂ ಮಣ್ಣಿನ ಗೋಡೆ. ಚೌಕಟ್ಟಿನ ಪಕ್ಕದಲ್ಲಿ ಮಾತ್ರ ಇಟ್ಟಿಗೆಯ ಚೂರು ತುಂಬಿದ್ದಾರೆ. ಎಂದರೆ ಆಮೇಲೆ ಕೊರೆದದ್ದು. ಅಜ್ಜಿ ಅದನ್ನು ‘ಪ್ಲೇಗಿನ ಕಿಟಕಿ’ ಎನ್ನುತ್ತಿದ್ದರು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು, ಮೈಸೂರನ್ನೂ ಬಿಡಲಿಲ್ಲ. ಕತ್ತಲೆ, ತೇವ, ಕೆಟ್ಟ ಗಾಳಿ ಇವೇ ರೋಗದ ತವರೆಂದು ಆಗ ಬಹುಮಂದಿ ನಂಬಿದ್ದರು. ಮುಂಬಯಿಯ ಅಧಿಕಾರಿಗಳು ಮನೆಗಳ ಮಾಡಿಗೆ ತೂತು ಹೊಡೆಸಿ ಬೆಳಕು ಬಿಡಿಸಿದರು, ಗೋಡೆಗೆಲ್ಲ ಸುಣ್ಣ ಬಳಿಸಿದರು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ಬೆಳೆದದ್ದು ಆ ಕಾಲದಲ್ಲಿಯೇ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಹುಟ್ಟಿತು.

ಆದರೆ ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡಿದ್ದ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹೊತ್ತು ತರುವುದೆಂದು ಸೀಮೋನ್ 1898ರ ಜೂನ್ ತಿಂಗಳಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟಿದ್ದ. ಲೋಕ ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಇಲಿ ಕಿಟಕಿಗೆ ಅಂಜುವ ಪ್ರಾಣಿಯಲ್ಲ. ಮಣ್ಣಿನ ನೆಲದ ಬಿಲವೂ ನಡುಮನೆಯ ಕಣಜವೂ ಇರುವತನಕ ಅದಕ್ಕೆ ಯಾವ ಕೊರತೆ? ಹಾಗಾದರೆ ನಮ್ಮ ಕಿಟಕಿ ದಂಡವೆ? ನಾಲ್ಕು ತಲೆಮಾರಿನ ಮಕ್ಕಳು ಅದರ ಬೆಳಕಿನಲ್ಲಿ ಅಕ್ಷರ ತಿದ್ದಿದ್ದಾರೆ. ತಪ್ಪು ಕಾರಣಕ್ಕೆ ಮಾಡಿದ ಸರಿಯಾದ ಕೆಲಸವೂ ಉಂಟು.

ಸರಿಯಾದ ಕಾರಣಕ್ಕೆ ತಪ್ಪು ಕೆಲಸ ಮಾಡಿದವನು ನಾನು. ಗೋಡೆ ಭದ್ರವಾಗಲೆಂದು ಮೊದಲನೆಯ ಸಲ ಹಳೆಯ ಸುಣ್ಣದ ಗಾರೆಯನ್ನು ಕೆತ್ತಿಸಿ, ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿದೆ. ವಹಿಸಿಕೊಂಡಾತ ನೂರು ವರ್ಷದ ಭರವಸೆ ಕೊಟ್ಟ. ಎರಡು ಮಳೆಗಾಲ ಕಳೆಯಿತು. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಅರಳಿತು, ಸಿಮೆಂಟು ಉಬ್ಬಿ ಟೊಳ್ಳಾಯಿತು, ಒಂದು ರಾತ್ರಿ ಹಲಗೆಯಂತೆ ಕಳಚಿ ಬಿತ್ತು. ನೆಲದ ತೇವ ಮಣ್ಣಿನ ಗೋಡೆಯನ್ನು ಏರುತ್ತದೆ. ಸುಣ್ಣದ ಗಾರೆಯಾದರೆ ಅದು ಅಲ್ಲಲ್ಲೇ ಆವಿಯಾಗಿ ಹೊರಬೀಳುತ್ತದೆ. ಸಿಮೆಂಟು ದಾರಿ ಕಟ್ಟಿದರೆ ತೇವ ಒಳಗೇ ನಿಂತು ಇನ್ನೂ ಮೇಲಕ್ಕೆ ಹತ್ತುತ್ತದೆ.

ಎರಡನೆಯ ಸಲ ಬಂದವರು ವಯಸ್ಸಾದ ಒಬ್ಬ ಗಾರೆ ಮೇಸ್ತ್ರಿ. ಗೋಡೆಯನ್ನು ಬೆರಳಿನಿಂದ ತಟ್ಟಿ, “ಮೇಷ್ಟ್ರೇ, ಇದಕ್ಕೆ ಉಸಿರು ಕಟ್ಟಿಸಿದ್ದೀರಿ” ಎಂದರು. “ನೀವು ಹೇಗೆ ಹೇಳಿದರೆ ಹಾಗೆ” ಎಂದು ಶರಣಾದೆ. ಶಿವರಾತ್ರಿ ಕಳೆದ ಮೇಲೆ ಮೊದಲು ಮಾಡು; ಗೆದ್ದಲು ಹಿಡಿದ ರೀಪು ತೆಗೆದು, ಸೂರಿನಿಂದ ಮೇಲಕ್ಕೆ ಹೆಂಚು ಹೊದಿಸಿದ್ದಾಯಿತು. ಅದು ಮುಗಿದು ನೀರು ನಿಂತಮೇಲೆಯೇ ಗೋಡೆ. ಸುಣ್ಣವನ್ನು ಗುಂಡಿಯಲ್ಲಿ ನೆನೆಹಾಕಿ, ಮರಳೂ ಇಟ್ಟಿಗೆಯ ಪುಡಿಯೂ ಬೆರಸಿ ಅರೆದು, ಬೆಲ್ಲದ ನೀರು ಅಳಲೆಕಾಯಿಯ ನೀರು ಕೂಡಿಸಿದರು. ಒಂದು ಪದರ ಆರುವ ಮೊದಲು ಇನ್ನೊಂದನ್ನು ಹಾಕಲೊಲ್ಲರು. ಕೂಲಿ ಬೆಳೆಯಿತು, ನಮ್ಮ ಮನೆಯವರ ಮೌನವೂ ಬೆಳೆಯಿತು.

ತೊಟ್ಟಿಯ ಮೇಲೆ ಗಾಜಿನ ಮಾಡು ಹಾಕಿಸಬೇಕೆಂದು ಮಗನ ಆಸೆ. ಸೆಕೆ ಮೇಲೇರಿ ಹೊರಟುಹೋಗುವ ಬಾಯಿ ಅದೇ ಎಂದು ಮೇಸ್ತ್ರಿ ತೋರಿಸಿದರು. ಅವನು ಒಪ್ಪಿದನೆಂದು ಹೇಳಲಾರೆ, ಸದ್ಯಕ್ಕೆ ಬಿಟ್ಟಿದ್ದಾನೆ.

ಕೊನೆಯ ಸಾಲು ಹೆಂಚು ಹೊದಿಸುವ ಮುನ್ನ ಏಣಿ ಹತ್ತಿ, ತೊಲೆಯ ಒಳಮೈಯಲ್ಲಿ ಸೀಮೆಸುಣ್ಣದಿಂದ ವರ್ಷವನ್ನೂ, ಹೊಸದಾಗಿ ಹಾಕಿದ ರೀಪುಗಳ ಲೆಕ್ಕವನ್ನೂ ಬರೆದಿದ್ದೆ. ಗೋಡೆಯ ಕೆಲಸ ಮುಗಿದ ದಿನ ಗಾಜಿನ ಹೆಂಚೊಂದನ್ನು ಸರಿಸಿ, ಸಿಮೆಂಟು ತೆಗೆದು ಸುಣ್ಣ ಹಾಕಿದ ಸಂಗತಿಯನ್ನೂ ಸೇರಿಸಿದೆ. ಕೆಳಗೆ ನಿಂತಿದ್ದ ಮೇಸ್ತ್ರಿ ನಕ್ಕು, “ಮೇಷ್ಟ್ರೇ, ಸುಣ್ಣ ಎಷ್ಟು ಮೂಟೆ ಹಿಡಿಯಿತು ಅನ್ನೋದನ್ನೂ ಬರೀರಿ, ಮುಂದಿನವನು ಕೇಳ್ತಾನೆ” ಎಂದರು. ಅದನ್ನೂ ಬರೆದೆ.