ಮುಗಿಯದ ಪ್ರಯೋಗ: ನಿಮ್ಮ ಮನೆ ವೈಫೈಗೆ 192.168 ಬಂದಿದ್ದು ಹೇಗೆ?

ಇವತ್ತಿನ ಸಂಚಿಕೆ ಶುರುವಾಗೋದು ನಮ್ಮ ಮಾವನ ದಿನಸಿ ಅಂಗಡಿಯಿಂದ.

ಕಳೆದ ವರ್ಷ ಮಾವ ಅಂಗಡಿಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ರು. ಮನೆಯಲ್ಲಿ ಕೂತು ಫೋನಲ್ಲಿ ಅಂಗಡಿ ನೋಡಬೇಕು ಅನ್ನೋದಷ್ಟೇ ಅವರ ಆಸೆ. "ನೀನು ದಿನಾ ಇಂಟರ್ನೆಟ್ಟಲ್ಲೇ ಇರ್ತೀಯಲ್ಲ, ಮಾಡಿಕೊಡು" ಅಂದ್ರು. ನಾನು ಓದಿದ್ದು ಬಿಕಾಂ. ಆದ್ರೂ ಒಪ್ಕೊಂಡೆ.

ಗೋಡೌನ್‌ಗೆ ಸಿಗ್ನಲ್ ಬರ್ತಿರಲಿಲ್ಲ ಅಂತ ಇನ್ನೊಂದು ರೌಟರ್ ತಂದು ಸಿಗಿಸಿದೆ. ಹತ್ತು ನಿಮಿಷಕ್ಕೆ ಬಿಲ್ಲಿಂಗ್ ಕಂಪ್ಯೂಟರ್‌ಗೆ ಪ್ರಿಂಟರ್ ಕಾಣೋದೇ ನಿಂತುಹೋಯ್ತು. ನೋಡಿದ್ರೆ ಎರಡೂ ರೌಟರ್‌ಗಳ ವಿಳಾಸ 192.168.1.1. ಎರಡೂ "ನಾನೇ ಯಜಮಾನ" ಅಂತ ಉಳಿದ ಸಾಧನಗಳಿಗೆ ವಿಳಾಸ ಹಂಚ್ತಾ ಕೂತಿದ್ದವು. ಎರಡನೆಯದರ ವಿಳಾಸ ಬದಲಿಸಿ, ಅದರ ಹಂಚಿಕೆ ಕೆಲಸ, ಅಂದ್ರೆ ಡಿಎಚ್‌ಸಿಪಿ, ಬಂದ್ ಮಾಡಿದೆ. ಪ್ರಿಂಟರ್‌ಗೂ ಕ್ಯಾಮೆರಾಗಳಿಗೂ ಒಂದೊಂದು ಖಾಯಂ ವಿಳಾಸ ಕೊಟ್ಟೆ. ಅಂಗಡಿ ಒಳಗೆ ಎಲ್ಲ ಸರಿಹೋಯ್ತು. ಆದ್ರೆ ಮನೆಯಿಂದ ಮಾತ್ರ ಕ್ಯಾಮೆರಾ ಸಿಗಲೇ ಇಲ್ಲ. ಎರಡು ಸಂಜೆ ತಲೆ ಕೆಡಿಸಿಕೊಂಡೆ. ತಪ್ಪು ನನ್ನದಲ್ಲ, ಅದರ ಬೇರು 1977ರಲ್ಲಿದೆ ಅಂತ ಗೊತ್ತಾಗಿದ್ದು ಆಮೇಲೆ.

ಇಂಟರ್ನೆಟ್‌ನಲ್ಲಿ ಮಾತಾಡೋಕೆ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಅದೇ ಐಪಿ ವಿಳಾಸ. ಆ ಸಂಖ್ಯೆ ಎಷ್ಟು ಉದ್ದ ಇರಬೇಕು? 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ದುಡ್ಡಲ್ಲಿ ಈ ಕೆಲಸ ನಡೀತಿತ್ತು. ಎಂಜಿನಿಯರ್‌ಗಳು ಒಮ್ಮತಕ್ಕೆ ಬರಲಿಲ್ಲ. 32 ಬಿಟ್ ಸಾಕು ಅಂದವರಿದ್ದರು, 128 ಬೇಕು ಅಂದವರಿದ್ದರು. ಕೊನೆಗೆ 1977ರಲ್ಲಿ ವಿಂಟ್ ಸರ್ಫ್ 32 ಅಂತ ತೀರ್ಮಾನ ಮಾಡಿಬಿಟ್ಟರು. ಇದು ಬರೀ ಪ್ರಯೋಗ, ಕೆಲಸ ಮಾಡಿದ್ರೆ ಆಮೇಲೆ ಸರಿಯಾದ ಆವೃತ್ತಿ ಮಾಡೋಣ ಅನ್ನೋದು ಅವರ ಲೆಕ್ಕ. ಆ ಪ್ರಯೋಗ ಮುಗಿಯಲೇ ಇಲ್ಲ ಅಂತ ಅವರೇ ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

32 ಬಿಟ್ ಅಂದ್ರೆ ಸುಮಾರು 429 ಕೋಟಿ ವಿಳಾಸ. ಆಗ ಇಡೀ ಪ್ರಪಂಚದ ಜನಸಂಖ್ಯೆಯೇ 400 ಕೋಟಿ ಚಿಲ್ಲರೆ. ಕಂಪ್ಯೂಟರ್ ಅಂದ್ರೆ ಒಂದು ಕೋಣೆ ತುಂಬೋ ಯಂತ್ರ ಆಗಿದ್ದ ಕಾಲ. 429 ಕೋಟಿ ಖಾಲಿಯಾಗುತ್ತೆ ಅಂತ ಯಾರು ಅಂದುಕೊಳ್ತಾರೆ ಹೇಳಿ? 1981ರಲ್ಲಿ ನಿಯಮ ಬರವಣಿಗೆಗೆ ಬಂತು. 1983ರ ಜನವರಿ 1ರಂದು ಅರ್ಪಾನೆಟ್ ಅನ್ನೋ ಮೂಲ ಜಾಲ ಪೂರ್ತಿಯಾಗಿ ಈ ಪದ್ಧತಿಗೆ ಬದಲಾಯಿತು. ಅದನ್ನೇ ನಾವು ಇವತ್ತು ಐಪಿವಿ4 ಅನ್ನೋದು.

ಈಗ ಹಂಚಿಕೆ ನೋಡಿ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಹೊಟ್ಟೆ ಉರಿಯೋ ಭಾಗ ಇದು. ವಿಳಾಸಗಳನ್ನ ಮೂರು ಗಾತ್ರದಲ್ಲಿ ಕೊಡ್ತಿದ್ರು. ಕ್ಲಾಸ್ ಎ ಅಂದ್ರೆ 1 ಕೋಟಿ 67 ಲಕ್ಷ. ಕ್ಲಾಸ್ ಬಿ ಅಂದ್ರೆ 65,536. ಕ್ಲಾಸ್ ಸಿ ಅಂದ್ರೆ 256. ನಡುವೆ ಬೇರೆ ಸೈಜೇ ಇಲ್ಲ. ನಿಮಗೆ 300 ಯಂತ್ರ ಇದ್ರೆ ಸಿ ಸಾಲಲ್ಲ, ಬಿ ತಗೊಂಡು 65 ಸಾವಿರ ಸುಮ್ಮನೆ ಇಟ್ಕೊಬೇಕು. ಯಾರಿಗೆ ಯಾವ ಸಂಖ್ಯೆ ಅನ್ನೋ ಲೆಕ್ಕ ವರ್ಷಗಟ್ಟಲೆ ಇಟ್ಟಿದ್ದು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್ ಅನ್ನೋ ಗಡ್ಡದ ಮನುಷ್ಯ. ಮೊದಮೊದಲು ಕೇಳಿದವರಿಗೆ ಸಲೀಸಾಗಿ ಸಿಗ್ತಿತ್ತು. ಐಬಿಎಂಗೆ ಒಂದು ಕ್ಲಾಸ್ ಎ. ಕಾರು ಮಾಡೋ ಫೋರ್ಡ್‌ಗೆ ಒಂದು. ಎಂಐಟಿ ವಿಶ್ವವಿದ್ಯಾಲಯಕ್ಕೂ ಒಂದು. ತನಗೆ ಸಿಕ್ಕಿದ್ದರಲ್ಲಿ 1 ಕೋಟಿ 40 ಲಕ್ಷ ವಿಳಾಸ ಬಳಸಿಯೇ ಇಲ್ಲ ಅಂತ ಎಂಐಟಿಯೇ 2017ರಲ್ಲಿ ಹೇಳ್ತು, ಹೇಳಿ ಒಂದಷ್ಟು ಮಾರೋಕೂ ಹೊರಟಿತು.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅಷ್ಟರಲ್ಲಿ ಮೊದಲ ಪಂಕ್ತಿಯವರು ಉಂಡು ಎದ್ದಾಗಿತ್ತು. ನಮ್ಮ ಪಂಕ್ತಿ ಕೂರೋ ಹೊತ್ತಿಗೆ ಬಡಿಸೋರು ಸೌಟನ್ನ ಅಳೆದು ಅಳೆದು ಎತ್ತುತ್ತಿದ್ದರು.

ಅಳೆಯೋಕೆ ಶುರುವಾಗಿದ್ದು 1993ರಲ್ಲಿ. ಎ, ಬಿ, ಸಿ ಅನ್ನೋದನ್ನ ಬಿಟ್ಟು, ಯಾರಿಗೆ ಎಷ್ಟು ಬೇಕೋ ಅಷ್ಟೇ ತುಂಡು ಕತ್ತರಿಸಿ ಕೊಡೋ ಸೈಡರ್ ಅನ್ನೋ ಪದ್ಧತಿ ಬಂತು. ರೌಟರ್ ಸೆಟ್ಟಿಂಗ್‌ನಲ್ಲಿ ಕೆಲವೊಮ್ಮೆ ವಿಳಾಸದ ಕೊನೆಗೆ /24 ಅಂತ ಕಾಣುತ್ತಲ್ಲ, ಅದು ಇದೇ. /24 ಅಂದ್ರೆ 256 ವಿಳಾಸ, /26 ಅಂದ್ರೆ 64.

ಮುಂದಿನ ವರ್ಷ, 1994ರಲ್ಲಿ, ಇನ್ನೆರಡು ಉಪಾಯ ಬಂದವು. ಮೊದಲನೆಯದು ಖಾಸಗಿ ವಿಳಾಸ. ಕೆಲವು ಸಂಖ್ಯೆಗಳನ್ನ ಯಾರಿಗೂ ಕೊಡದೆ ತೆಗೆದಿಟ್ಟರು. ಮನೆ, ಆಫೀಸಿನ ಒಳಗೆ ಯಾರು ಬೇಕಾದ್ರೂ ಬಳಸಿ, ಹೊರಗಿನ ಇಂಟರ್ನೆಟ್‌ನಲ್ಲಿ ಮಾತ್ರ ಅವು ನಡೆಯಲ್ಲ ಅಂದ್ರು. 192.168 ಅಂತ ಶುರುವಾಗೋದು ಹೀಗೆ ಬಂತು. 10 ಅಂತ ಶುರುವಾಗೋದೂ ಅಷ್ಟೇ. ಮಜಾ ಏನಂದ್ರೆ, 10 ಅನ್ನೋದು ಮೂಲ ಅರ್ಪಾನೆಟ್‌ನದೇ ಸಂಖ್ಯೆ. ಅದು 1990ರಲ್ಲಿ ಮುಚ್ಚಿತು, ಅದರ ಬಾಗಿಲ ಸಂಖ್ಯೆ ನಮಗೆಲ್ಲ ಬಿಟ್ಟಿ ಸಿಕ್ಕಿತು.

ಬೆಂಗಳೂರಲ್ಲಿ ಪ್ರತಿ ಬಡಾವಣೆಯಲ್ಲೂ ಒಂದು 3ನೇ ಕ್ರಾಸ್ ಇರುತ್ತೆ. ಬಡಾವಣೆ ಒಳಗೆ "3ನೇ ಕ್ರಾಸ್" ಅಂದ್ರೆ ಸಾಕು. ಊರ ಹೊರಗಿಂದ ಕಾಗದ ಬರೆಯೋಕೆ ಅದು ಸಾಲಲ್ಲ. 192.168.1.1 ಅಂದ್ರೂ ಇದೇ ಕಥೆ.

ಎರಡನೆಯ ಉಪಾಯ ನ್ಯಾಟ್. ಒಳಗಿನ ಹತ್ತು ಯಂತ್ರಗಳು ಒಂದೇ ಹೊರ ವಿಳಾಸ ಹಂಚಿಕೊಳ್ತವೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ತರ, ಒಳಗಿಂದ ಯಾರು ಯಾರನ್ನ ಕರೆದ್ರು ಅಂತ ರೌಟರ್ ಪುಸ್ತಕದಲ್ಲಿ ಬರ್ಕೊಳ್ಳುತ್ತೆ. ಉತ್ತರ ಬಂದಾಗ ಪುಸ್ತಕ ನೋಡಿ ಸರಿಯಾದ ಮನೆಗೆ ಕಳಿಸುತ್ತೆ. ಆದ್ರೆ ಒಳಗಿನವರು ಯಾರೂ ಕರೆಯದೆ ಹೊರಗಿಂದ ಯಾರಾದ್ರೂ ತಾವಾಗೇ ಬಂದ್ರೆ? ಪುಸ್ತಕದಲ್ಲಿ ಹೆಸರಿಲ್ಲ, ವಾಪಸ್ ಹೋಗಿ.

ಅದೇ ವರ್ಷ ಕೆಲವು ಎಂಜಿನಿಯರ್‌ಗಳು ಈ ಖಾಸಗಿ ವಿಳಾಸದ ವಿರುದ್ಧ ಬರವಣಿಗೆಯಲ್ಲೇ ತಕರಾರು ದಾಖಲಿಸಿದ್ದರು. ಪ್ರತಿ ಯಂತ್ರಕ್ಕೂ ಜಗತ್ತಿಗೆಲ್ಲ ಒಂದೇ ಆದ ವಿಳಾಸ ಇರಬೇಕು ಅನ್ನೋ ಮೂಲ ಆಶಯವೇ ಹೋಗುತ್ತೆ ಅನ್ನೋದು ಅವರ ವಾದ. ಆದ್ರೆ ಈ ತೇಪೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತು ಅಂದ್ರೆ, ಬಟ್ಟೆ ಬದಲಿಸೋ ಆತುರವೇ ಯಾರಿಗೂ ಉಳಿಯಲಿಲ್ಲ.

ಹೊಸ ಬಟ್ಟೆ ರೆಡಿ ಇತ್ತು. 128 ಬಿಟ್‌ನ ಐಪಿವಿ6 1995ರ ಡಿಸೆಂಬರ್‌ನಲ್ಲೇ ಪ್ರಕಟವಾಗಿತ್ತು. ಅದರ ವಿಳಾಸಗಳ ಲೆಕ್ಕ ಬರೆಯೋಕೆ 39 ಅಂಕಿ ಬೇಕು. ಆದ್ರೆ ಅದು ಹಳೆಯದರ ಜೊತೆ ನೇರವಾಗಿ ಮಾತಾಡಲ್ಲ. ಎರಡನ್ನೂ ಒಟ್ಟಿಗೆ ನಡೆಸಬೇಕು, ಅದಕ್ಕೆ ಖರ್ಚು ಮಾಡೋರು ಯಾರು? ಹೀಗೇ ದಿನ ತಳ್ಳಿದ್ರು. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಐದು ಕಟ್ಟುಗಳನ್ನ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಮುಗಿಸಿದ್ರು. ಏಪ್ರಿಲ್ 15ಕ್ಕೆ ನಮ್ಮ ಏಷ್ಯಾ ಪೆಸಿಫಿಕ್ ಭಾಗದಲ್ಲಿ ರೇಷನ್ ಶುರು. ಸಂಸ್ಥೆ ಎಷ್ಟೇ ದೊಡ್ಡದಿರಲಿ, ಆ ಕೊನೆಯ ಕಟ್ಟಿನಿಂದ ಹೆಚ್ಚೆಂದರೆ 1,024 ವಿಳಾಸ. ಅದೇ ವರ್ಷ ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯಿಂದ ಮೈಕ್ರೋಸಾಫ್ಟ್ 6,66,624 ವಿಳಾಸ ಕೊಂಡುಕೊಂಡಿತು. ಕೊಟ್ಟಿದ್ದು 75 ಲಕ್ಷ ಡಾಲರ್, ಅಂದ್ರೆ ವಿಳಾಸಕ್ಕೆ 11 ಡಾಲರ್ ಮೇಲೆ. ಒಂದು ಕಾಲದಲ್ಲಿ ಕೇಳಿದ್ರೆ ಸಿಗ್ತಿದ್ದ ಸಂಖ್ಯೆ ಈಗ ಆಸ್ತಿ.

ಇಲ್ಲಿ ಮಾವನ ಅಂಗಡಿಗೆ ವಾಪಸ್ ಬರೋಣ. ವಿಳಾಸ ಸಾಲದ ಇಂಟರ್ನೆಟ್ ಕಂಪನಿಗಳು ಮನೆ ರೌಟರ್ ಮೇಲೆ ತಮ್ಮದೂ ಒಂದು ದೊಡ್ಡ ನ್ಯಾಟ್ ಕೂರಿಸ್ತವೆ. ಅಂದ್ರೆ ಇಬ್ಬರು ವಾಚ್‌ಮನ್. ನಿಮ್ಮ ರೌಟರ್‌ನ ಹೊರ ವಿಳಾಸ ನೋಡಿ. 100.64ರಿಂದ 100.127ರ ನಡುವೆ ಶುರುವಾದ್ರೆ ನೀವೂ ಆ ಸಾಲಲ್ಲೇ ಇದ್ದೀರಿ. ಮಾವನ ರೌಟರ್ ಇತ್ತು. ನಾನು ನಮ್ಮ ಗೇಟ್ ಎಷ್ಟು ತೆರೆದ್ರೂ ಹೊರಗಿನ ಗೇಟ್ ನನ್ನ ಕೈಯಲ್ಲಿರಲಿಲ್ಲ.

ಉಳಿದಿದ್ದು ಎರಡೇ ದಾರಿ. ತಿಂಗಳು ತಿಂಗಳು ದುಡ್ಡು ಕೊಟ್ಟು ಸ್ವಂತ ವಿಳಾಸ ತಗೊಳ್ಳೋದು, ಇಲ್ಲಾ ಕ್ಯಾಮೆರಾ ಕಂಪನಿಯ ಸರ್ವರ್ ಮೂಲಕ ನೋಡೋದು. ಮಾವ ಎರಡನೆಯದಕ್ಕೆ ಹೂಂ ಅಂದ್ರು. ಅಂಗಡಿ ಅವರದು, ಕ್ಯಾಮೆರಾ ಅವರದು, ಆದ್ರೆ ದೃಶ್ಯ ಮಾತ್ರ ಯಾರದೋ ಕಂಪ್ಯೂಟರ್ ಸುತ್ತಿಕೊಂಡು ಅವರ ಫೋನಿಗೆ ಬರುತ್ತೆ.

ನಮ್ಮ ದೇಶಕ್ಕೆ ಒಂದು ಸಮಾಧಾನ ಇದೆ. ಕೊನೆಯ ಪಂಕ್ತಿಯಲ್ಲಿ ಕೂತಿದ್ದಕ್ಕೇ ನಾವು ಹೊಸ ಅಡುಗೆ ಬೇಗ ಉಂಡೆವು. 2016ರಲ್ಲಿ ಬಂದ ಜಿಯೋ 4ಜಿ ಜಾಲ ಶುರುವಿನಿಂದಲೇ ಐಪಿವಿ6 ಬಳಸಿತು. ಗೂಗಲ್ ಅಳತೆಯಲ್ಲಿ ಇವತ್ತು ಭಾರತದ ಅರ್ಧಕ್ಕಿಂತ ಹೆಚ್ಚು ಬಳಕೆದಾರರು ಐಪಿವಿ6 ಮೂಲಕ ಬರ್ತಾರೆ, ಎಷ್ಟೋ ಶ್ರೀಮಂತ ದೇಶಗಳಿಗಿಂತ ಮುಂದೆ. ಈ ಸಂಚಿಕೆ ಕೇಳ್ತಿರೋ ನಿಮ್ಮ ಫೋನಿಗೂ ಅಂಥದ್ದೊಂದು ವಿಳಾಸ ಇರೋ ಸಾಧ್ಯತೆ ಜಾಸ್ತಿ.

ಮಾವನ ಕ್ಯಾಮೆರಾಗೆ ಇನ್ನೂ ಇಲ್ಲ. ಆ ಅಗ್ಗದ ಮಾಡೆಲ್‌ಗೆ ಐಪಿವಿ4 ಬಿಟ್ಟು ಬೇರೆ ಬರಲ್ಲ. 1977ರ ಪ್ರಯೋಗ ಆ ಅಂಗಡಿಯಲ್ಲಿ ಈಗಲೂ ನಡೀತಾ ಇದೆ. ಮುಂದಿನ ಸಲ ಕ್ಯಾಮೆರಾನೋ ರೌಟರೋ ಕೊಳ್ಳುವಾಗ "ಐಪಿವಿ6 ಇದೆಯಾ?" ಅಂತ ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.

ಮತ್ತೆ ಸಿಗೋಣ.